ಸೊಂಟದಳತೆಯ ಗಿಡ್ಡ ಕೋಟು: ಓದುಗರ ಪ್ರಶ್ನೆಗಳಿಗೆ ಉತ್ತರ

ಮದುವೆಯ ಕಾಲ ಹತ್ತಿರವಾಗುತ್ತಿದ್ದಂತೆ ಈ ಅಂಕಣಕ್ಕೆ ಉಡುಪಿನ ಕುರಿತ ಪತ್ರಗಳು ಹೆಚ್ಚುತ್ತವೆ. ಈ ಬಾರಿ ಕೋಲಾರ ಜಿಲ್ಲೆಯ ನಾಲ್ವರು ಓದುಗರು ಸೊಂಟದ ಬಳಿಯೇ ಮುಗಿಯುವ ಗಿಡ್ಡ ಕೋಟಿನ ಬಗ್ಗೆ ಕೇಳಿರುವುದರಿಂದ, ಅವರಿಗೆ ಇಲ್ಲಿ ಒಟ್ಟಾಗಿ ಉತ್ತರಿಸಲಾಗಿದೆ.

ಪ್ರಶ್ನೆ: ತಮ್ಮನ ಆರತಕ್ಷತೆಗೆ ಬಿಳಿಯ ಗಿಡ್ಡ ಕೋಟು ಹೊಲಿಸಬೇಕೆಂದಿದ್ದೇವೆ. ಅದು ಹೋಟೆಲಿನಲ್ಲಿ ಬಡಿಸುವವರ ಉಡುಪು ಎಂದು ಮನೆಯ ಹಿರಿಯರು ಆಕ್ಷೇಪಿಸುತ್ತಿದ್ದಾರೆ. ಇದು ನಿಜವೇ? ಈ ಶೈಲಿ ಎಲ್ಲಿಂದ ಬಂತು?
– ಬಂಗಾರಪೇಟೆಯ ಓದುಗರು

ಉತ್ತರ: ಹಿರಿಯರ ಮಾತಿನಲ್ಲಿ ಅರ್ಧ ಸತ್ಯವಿದೆ, ಆದರೆ ಅದು ಈ ಉಡುಪಿನ ಚರಿತ್ರೆಯ ಕೊನೆಯ ಅರ್ಧ. 1790ರ ದಶಕದಲ್ಲಿ ಇಂಗ್ಲೆಂಡಿನ ಗಂಡಸರ ಕೋಟಿಗೆ ಹಿಂದೆ ಉದ್ದನೆಯ ಬಾಲಗಳಿರುತ್ತಿದ್ದವು. ಆ ಬಾಲಗಳಿಲ್ಲದ, ಸೊಂಟಕ್ಕೇ ನಿಲ್ಲುವ ಕೋಟಿಗೆ ಎರಡನೆಯ ಅರ್ಲ್ ಸ್ಪೆನ್ಸರ್ ಅವರ ಹೆಸರು ಅಂಟಿಕೊಂಡಿತು. ಅಗ್ಗಿಷ್ಟಿಕೆಯ ಬಳಿ ನಿಂತಿದ್ದಾಗ ಅವರ ಕೋಟಿನ ಬಾಲ ಸುಟ್ಟುಹೋಯಿತು ಎಂಬ ಕಥೆ ಪ್ರಚಾರದಲ್ಲಿದೆಯಾದರೂ ಅದನ್ನು ದಂತಕಥೆಯೆಂದೇ ತಿಳಿಯುವುದು ಒಳ್ಳೆಯದು. ಹೆಂಗಸರು ಈ ಮಾದರಿಯನ್ನು ಬಹುಬೇಗ ಮೆಚ್ಚಿಕೊಂಡರು. ಆಗಿನ ನಿಲುವಂಗಿಗಳ ಸೊಂಟದ ಗೆರೆ ಎದೆಯ ಕೆಳಗೇ ಇರುತ್ತಿದ್ದುದರಿಂದ ಈ ಕೋಟು ಅವುಗಳಿಗೆ ಚೆನ್ನಾಗಿ ಒಪ್ಪುತ್ತಿತ್ತು.

ನೀವು ಹೊಲಿಸಬೇಕೆಂದಿರುವ ಬಿಳಿಯ ಕೋಟು ಮಾತ್ರ ಸೈನ್ಯದ ಕಡೆಯಿಂದ ಬಂದದ್ದು, ಅದರ ಬೆಳವಣಿಗೆಯಲ್ಲಿ ನಮ್ಮ ದೇಶದ ಪಾಲೂ ಇದೆ. ಬ್ರಿಟಿಷ್ ಸೇನೆಯಲ್ಲಿ ಲಾಯದ ಕೆಲಸಕ್ಕೂ ದಿನನಿತ್ಯದ ಓಡಾಟಕ್ಕೂ ಕತ್ತಿನವರೆಗೆ ಗುಂಡಿಯಿರುವ ಗಿಡ್ಡ ಅಂಗಿಯೊಂದು ಬಳಕೆಯಲ್ಲಿತ್ತು. 19ನೇ ಶತಮಾನದ ಮಧ್ಯಭಾಗದ ಹೊತ್ತಿಗೆ ಭಾರತದಂಥ ಸೆಕೆಯ ನಾಡಿನಲ್ಲಿದ್ದ ಅಧಿಕಾರಿಗಳು ರಾತ್ರಿಯೂಟಕ್ಕೆ ಕೂರುವಾಗ ಅದರ ಗುಂಡಿ ಬಿಚ್ಚಿ, ಒಳಗಿನ ವೇಸ್ಟ್‌ಕೋಟು ಕಾಣುವಂತೆ ಧರಿಸತೊಡಗಿದರು. ಅಧಿಕಾರಿಗಳ ಭೋಜನಶಾಲೆಗೆ ಮೆಸ್ ಎನ್ನುವ ರೂಢಿಯಿಂದ ಇದು ಮೆಸ್ ಜಾಕೆಟ್ ಆಯಿತು. ಭಾರತೀಯ ಸೇನೆಯ ಅಧಿಕಾರಿಗಳು ಔಪಚಾರಿಕ ಔತಣಗಳಲ್ಲಿ ಇಂದಿಗೂ ಇದೇ ಮಾದರಿಯ ಕೋಟನ್ನು ಧರಿಸುತ್ತಾರೆ.

1930ರ ದಶಕದ ಆರಂಭದಲ್ಲಿ ಬಿಳಿಯ ಮೆಸ್ ಜಾಕೆಟ್ ಅಮೆರಿಕದ ಸಿರಿವಂತರ ಬೇಸಿಗೆಯ ಸಂಜೆಯುಡುಪಾಯಿತು. ಕೆಲವೇ ವರ್ಷಗಳಲ್ಲಿ ವಾದ್ಯತಂಡಗಳೂ ಹೋಟೆಲುಗಳೂ ಅದನ್ನು ತಮ್ಮ ಸಿಬ್ಬಂದಿಗೆ ಸಮವಸ್ತ್ರವಾಗಿ ಕೊಟ್ಟವು. ಸಿರಿವಂತರು ಅದನ್ನು ಬಿಟ್ಟು ಉದ್ದ ಅಂಚಿನ ಬಿಳಿ ಕೋಟಿಗೆ ಹೊರಳಿದರು. ಬಡಿಸುವವರು ತೊಟ್ಟರೆಂಬ ಕಾರಣಕ್ಕೆ ಒಂದು ಉಡುಪಿನ ಘನತೆ ಕುಗ್ಗುತ್ತದೆಂದು ನಾನು ಒಪ್ಪುವುದಿಲ್ಲ. ಆದರೆ ಕಲ್ಯಾಣ ಮಂಟಪದಲ್ಲಿ ಅಡುಗೆ ಗುತ್ತಿಗೆದಾರರ ತಂಡವೂ ಬಿಳಿ ತೊಟ್ಟಿದ್ದರೆ ಮದುಮಗನನ್ನು ಗುರುತಿಸುವುದು ಅತಿಥಿಗಳಿಗೆ ಕಷ್ಟವಾದೀತು. ಅಚ್ಚ ಬಿಳಿಯ ಬದಲು ದಂತವರ್ಣವನ್ನೋ ಕಡುನೀಲಿಯನ್ನೋ ಆರಿಸಿ, ಕೊರಳಪಟ್ಟಿಗೆ ಸ್ಯಾಟಿನ್ ಹಾಕಿಸಿದರೆ ಹಿರಿಯರ ಆಕ್ಷೇಪವೂ ನಿಲ್ಲುತ್ತದೆ, ಉಡುಪಿಗೂ ಕಳೆ ಬರುತ್ತದೆ.

ಪ್ರಶ್ನೆ: ಕಡಿಮೆ ಖರ್ಚಿನಲ್ಲಿ ಇಂಥ ಕೋಟನ್ನು ಎಲ್ಲಿ, ಹೇಗೆ ಕೊಳ್ಳಬೇಕು? ಸಿದ್ಧ ಉಡುಪು ಒಳ್ಳೆಯದೋ, ಹೊಲಿಸುವುದೋ?
– ರಾಬರ್ಟ್‌ಸನ್‌ಪೇಟೆಯ ಓದುಗರು

ಉತ್ತರ: ಹೊಲಿಸುವುದೇ ಒಳ್ಳೆಯದು. ಮಾಮೂಲಿ ಕೋಟಿನ ಉದ್ದದಲ್ಲಿ ಒಂದಿಂಚು ಹೆಚ್ಚುಕಡಿಮೆಯಾದರೂ ಕಣ್ಣಿಗೆ ಹೊಡೆಯುವುದಿಲ್ಲ. ಗಿಡ್ಡ ಕೋಟಿನಲ್ಲಿ ಅಂಚು ಪ್ಯಾಂಟಿನ ಪಟ್ಟಿಯನ್ನು ಸರಿಯಾಗಿ ಮುಚ್ಚಿ ಅಲ್ಲೇ ನಿಲ್ಲಬೇಕು. ಮೇಲೆ ಸರಿದರೆ ಶರ್ಟು ಇಣುಕುತ್ತದೆ, ಕೆಳಗೆ ಇಳಿದರೆ ಅದು ಕೋಟೂ ಅಲ್ಲದ ಜರ್ಕಿನ್ನೂ ಅಲ್ಲದ ಆಕಾರ ತಾಳುತ್ತದೆ. ಅಂಗಡಿಯ ಸಿದ್ಧ ಅಳತೆಗಳಲ್ಲಿ ಎದೆ ಮತ್ತು ಭುಜ ಹೊಂದಿದರೂ ಸೊಂಟದ ಎತ್ತರ ಹೊಂದುವುದು ಅಪರೂಪ. ಬಾಡಿಗೆಯ ಕೋಟಿಗೂ ಇದೇ ತೊಡಕು, ಏಕೆಂದರೆ ಅದರ ಉದ್ದವನ್ನು ಬದಲಿಸಲು ಅಂಗಡಿಯವರು ಒಪ್ಪುವುದಿಲ್ಲ.

ಆದ್ದರಿಂದ ಮೊದಲು ಪ್ಯಾಂಟು, ಆಮೇಲೆ ಕೋಟು ಎಂಬ ಕ್ರಮವನ್ನು ದಯವಿಟ್ಟು ಬಿಡಬೇಡಿ. ಈಗಿನ ಪ್ಯಾಂಟುಗಳು ಹೊಕ್ಕುಳಿಗಿಂತ ಬಹಳ ಕೆಳಗೆ ಕೂರುತ್ತವೆ. ಗಿಡ್ಡ ಕೋಟಿಗೆ ಬೇಕಾದದ್ದು ಹೆಚ್ಚುಕಡಿಮೆ ಹೊಕ್ಕುಳಿನ ಮಟ್ಟಕ್ಕೆ ಬರುವ, ಬೆಲ್ಟಿನ ಹುಕ್ಕಿಲ್ಲದ ಪ್ಯಾಂಟು. ಅದನ್ನು ಹೊಲಿಸಿ, ಅದನ್ನೇ ತೊಟ್ಟುಕೊಂಡು ಹೋಗಿ ಕೋಟಿನ ಅಳತೆ ಕೊಡಿ. ಕಚ್ಚಾ ಹೊಲಿಗೆಯಾದಾಗ ದರ್ಜಿಯ ಮುಂದೆಯೇ ಒಮ್ಮೆ ಕುಳಿತು, ಒಮ್ಮೆ ಕೈಮುಗಿದು ನೋಡಿ. ಆರತಕ್ಷತೆಯಲ್ಲಿ ಮದುಮಗ ನೂರಾರು ಬಾರಿ ಕೈಮುಗಿಯುತ್ತಾನೆ, ಕೋಟು ಮೇಲೇರುವುದು ಆಗಲೇ. ಹಾಗೆ ಮೇಲೇರಿದಾಗ ಶರ್ಟು ಕಾಣದಿರಲಿ ಎಂದು ಒಳಗೆ ಗಿಡ್ಡ ವೇಸ್ಟ್‌ಕೋಟನ್ನೋ, ಸೊಂಟಕ್ಕೆ ಸುತ್ತುವ ಅಗಲ ಪಟ್ಟಿಯಾದ ಕಮರ್‌ಬಂದನ್ನೋ ಧರಿಸುವ ಪದ್ಧತಿಯಿದೆ. ಇದು ಕೇವಲ ಅಲಂಕಾರವಲ್ಲ.

ಬಟ್ಟೆಗೆ ಚಿಕ್ಕಪೇಟೆಗೆ ಹೋಗಿ. ಮಾರಿಕುಪ್ಪಂ ಕಡೆಯಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು ನಿಮ್ಮ ಬೀದಿಯಲ್ಲೇ ಇರುತ್ತಾರೆ, ಅವರ ಜೊತೆ ಒಂದು ದಿನ ಹೋಗಿಬಂದರೆ ಆಯ್ಕೆಯೂ ಹೆಚ್ಚು, ಚೌಕಾಸಿಗೂ ಅವಕಾಶವುಂಟು. 58 ಇಂಚು ಪನ್ನದ ಸೂಟಿಂಗ್ ಬಟ್ಟೆಯಾದರೆ ಸಾಧಾರಣ ಮೈಕಟ್ಟಿನವರ ಗಿಡ್ಡ ಕೋಟಿಗೆ ಸುಮಾರು ಒಂದೂವರೆ ಮೀಟರು ಸಾಕು. ಕತ್ತರಿಸುವ ಮೊದಲು ನಿಮ್ಮ ದರ್ಜಿಯನ್ನೇ ಕೇಳಿ ಖಚಿತಪಡಿಸಿಕೊಳ್ಳಿ. ಅಪ್ಪಟ ಉಣ್ಣೆಗೆ ಹಣ ಸುರಿಯುವ ಅಗತ್ಯವಿಲ್ಲ, ಒಳ್ಳೆಯ ಟೆರಿ-ರೇಯಾನ್ ಬಟ್ಟೆ ಇಸ್ತ್ರಿಗೆ ಚೆನ್ನಾಗಿ ನಿಲ್ಲುತ್ತದೆ. ಹೊಳಪು ಹೆಚ್ಚಿರುವ ಅಗ್ಗದ ಪಾಲಿಯೆಸ್ಟರ್ ಮಾತ್ರ ಬೇಡ, ವೇದಿಕೆಯ ದೀಪಗಳ ಕೆಳಗೆ ಅದರ ಬೆಲೆ ಎಲ್ಲರಿಗೂ ತಿಳಿದುಬಿಡುತ್ತದೆ.

ಹೊಲಿಗೆಗೆ ಬೆಂಗಳೂರಿನ ದೊಡ್ಡ ಅಂಗಡಿಗಳಿಗಿಂತ ನಿಮ್ಮ ಊರಿನಲ್ಲೇ ಪೊಲೀಸರಿಗೋ ವಾದ್ಯತಂಡಗಳಿಗೋ ಸಮವಸ್ತ್ರ ಹೊಲಿಯುವ ದರ್ಜಿ ಸಿಕ್ಕರೆ ನಾನು ಅವರನ್ನೇ ಆರಿಸುತ್ತೇನೆ. ಮೈಗೆ ಅಂಟಿದಂತೆ ಭುಜ ಕೂರಿಸುವುದು, ಬೆನ್ನಿನ ಅಂಚನ್ನು ನಡುವೆ ಸ್ವಲ್ಪ ಚೂಪಾಗಿ ಇಳಿಸುವುದು ಇವೆಲ್ಲ ಸಮವಸ್ತ್ರದ ಕೈಗೆ ಸುಲಭವಾಗಿ ಒಗ್ಗುವ ಕೆಲಸಗಳು. ಎದೆಯ ಭಾಗಕ್ಕೆ ಅಂಟಿಸುವ ಫ್ಯೂಸಿಂಗ್ ಬಟ್ಟೆ ಕಳಪೆಯದಾದರೆ ನಾಲ್ಕಾರು ಸಲ ಡ್ರೈಕ್ಲೀನ್ ಆಗುವಷ್ಟರಲ್ಲಿ ಗುಳ್ಳೆ ಏಳುತ್ತದೆ, ಆದ್ದರಿಂದ ಅದಕ್ಕೆ ಸ್ವಲ್ಪ ಹೆಚ್ಚು ತೆತ್ತರೂ ನಷ್ಟವಿಲ್ಲ. ಆಷಾಢದಲ್ಲೋ ಧನುರ್ಮಾಸದಲ್ಲೋ, ಅಂದರೆ ಮದುವೆಗಳಿಲ್ಲದ ತಿಂಗಳಲ್ಲಿ ಬಟ್ಟೆ ಕೊಟ್ಟರೆ ದರ್ಜಿಗೆ ಬಿಡುವಿರುತ್ತದೆ, ಮಜೂರಿಯಲ್ಲೂ ಮಾತಾಡಬಹುದು.

ಸಿದ್ಧ ಉಡುಪನ್ನೇ ಕೊಳ್ಳುವುದಾದರೆ ತೆರಿಗೆಯ ಲೆಕ್ಕವನ್ನು ಗಮನಿಸಿ. 2025ರ ಸೆಪ್ಟೆಂಬರ್ 22ರಿಂದ 2,500 ರೂಪಾಯಿವರೆಗಿನ ಉಡುಪಿಗೆ ಶೇ 5ರಷ್ಟು, ಅದಕ್ಕೆ ಮೇಲ್ಪಟ್ಟ ಉಡುಪಿಗೆ ಶೇ 18ರಷ್ಟು ಜಿಎಸ್‌ಟಿ ಇದೆ. ಆ ಗಡಿಯನ್ನು ತುಸುವೇ ದಾಟಿದ ಕೋಟಿಗೆ ನೀವು ತೆರುವ ತೆರಿಗೆ ಬಹಳ ಏರುತ್ತದೆ. ಭುಜ ಸರಿಯಿಲ್ಲದ್ದನ್ನು ಎಷ್ಟೇ ರಿಯಾಯಿತಿಯಿದ್ದರೂ ಕೊಳ್ಳಬೇಡಿ, ತೋಳನ್ನು ಗಿಡ್ಡ ಮಾಡುವುದು ಸುಲಭ, ಭುಜವನ್ನು ಬಿಚ್ಚಿ ಕೂರಿಸುವ ಮಜೂರಿಗೆ ಇನ್ನೊಂದು ಕೋಟೇ ಬಂದೀತು.

ಪ್ರಶ್ನೆ: ಮನೆಯಲ್ಲಿರುವ ಹಳೆಯ ಸೂಟಿನ ಕೋಟನ್ನೇ ಸೊಂಟಕ್ಕೆ ಕತ್ತರಿಸಿದರೆ ಆಗುವುದಿಲ್ಲವೇ?
– ಮುಳಬಾಗಿಲಿನ ಓದುಗರು

ಉತ್ತರ: ಕೆಲವು ಕೋಟುಗಳಿಗೆ ಆಗುತ್ತದೆ. ಕೆಳಗಿನ ಜೇಬುಗಳು ಕತ್ತರಿಸುವ ಗೆರೆಗಿಂತ ಕೆಳಗಿರುವುದರಿಂದ ಅವು ಪೂರ್ತಿಯಾಗಿ ಹೋಗುತ್ತವೆ, ತೊಂದರೆಯಿಲ್ಲ. ತೊಡಕಾಗುವುದು ಗುಂಡಿಯ ಕಾಜಾ. ಒಂದೇ ಗುಂಡಿಯ ಕೋಟಿನಲ್ಲಿ ಅದು ಸೊಂಟದ ಮಟ್ಟದಲ್ಲೇ, ಅಂದರೆ ಹೊಸ ಅಂಚಿಗೆ ತಾಗಿದಂತೆ ಬರುತ್ತದೆ. ಅಂಚು ಮಡಿಸಲು ಒಂದೂವರೆ ಇಂಚು ಬಿಟ್ಟ ಮೇಲೂ ಕಾಜಾ ಪೂರ್ತಿ ಉಳಿದರೆ, ಎರಡು ಗುಂಡಿಗಳನ್ನು ಸಣ್ಣ ಸರಪಳಿಯಿಂದ ಜೋಡಿಸಿ ಎದುರು ಭಾಗವನ್ನು ಹಿಡಿದಿಡಬಹುದು. ಎರಡು ಸಾಲು ಗುಂಡಿಯ ಕೋಟನ್ನು, ದೊಡ್ಡ ಚೌಕುಳಿಯ ಬಟ್ಟೆಯನ್ನು ಕತ್ತರಿಸಲು ಹೋಗಬೇಡಿ.

ಪ್ರಶ್ನೆ: ಹದಿನಾಲ್ಕು ವರ್ಷದ ಮಗನಿಗೆ ಇದು ಒಪ್ಪುತ್ತದೆಯೇ?
– ಶ್ರೀನಿವಾಸಪುರದ ಓದುಗರು

ಉತ್ತರ: ಚೆನ್ನಾಗಿಯೇ ಒಪ್ಪುತ್ತದೆ. ಇಂಗ್ಲೆಂಡಿನ ಈಟನ್ ಶಾಲೆಯ ಕುಳ್ಳಗಿನ ಹುಡುಗರು 1967ರವರೆಗೂ ಕಪ್ಪು ಗಿಡ್ಡ ಕೋಟನ್ನೇ ಶಾಲೆಗೆ ತೊಡುತ್ತಿದ್ದರು. ಆದರೆ ಬೆಳೆಯುವ ವಯಸ್ಸಿನಲ್ಲಿ ಇದು ಬೇಗ ಚಿಕ್ಕದಾಗುವ ಉಡುಪು. ತೋಳಿನ ತುದಿಯಲ್ಲೂ ಕೆಳಗಿನ ಅಂಚಿನಲ್ಲೂ ಎರಡೆರಡು ಇಂಚು ಬಟ್ಟೆಯನ್ನು ಒಳಮಡಿಸಿ ಹೊಲಿಯಲು ಹೇಳಿ, ಲೈನಿಂಗನ್ನೂ ಅಷ್ಟೇ ಸಡಿಲ ಬಿಡಿಸಿ. ಮುಂದಿನ ವರ್ಷವೂ ತೊಡಿಸಬಹುದು.