ಮಾವೋರಿ ಜನರಿಗೂ ಕುದುರೆಗೂ ಇಷ್ಟು ಗಾಢವಾದ ನಂಟು ಬೆಳೆದದ್ದು ಹೇಗೆ?

ನ್ಯೂಜಿಲೆಂಡಿನಲ್ಲಿ ಕುದುರೆ ಮೂಲದಿಂದ ಇದ್ದ ಪ್ರಾಣಿಯಲ್ಲ. ಮಾವೋರಿಗಳು ತಮ್ಮ ದೋಣಿಗಳಲ್ಲಿ ತಂದದ್ದು ನಾಯಿ ಮತ್ತು ಇಲಿಗಳನ್ನು ಮಾತ್ರ. ಅಲ್ಲಿನ ಮೊದಲ ಕುದುರೆಗಳನ್ನು 1814ರ ಡಿಸೆಂಬರಿನಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್ ಬೇ ಆಫ್ ಐಲೆಂಡ್ಸ್‌ನಲ್ಲಿ ಇಳಿಸಿದರು. ಸಿಡ್ನಿಯಲ್ಲಿದ್ದ ಗವರ್ನರ್ ಮ್ಯಾಕ್ವಾರಿ ಮಾವೋರಿ ನಾಯಕ ರುವಾತಾರನಿಗೆ ಕಳುಹಿಸಿದ ಉಡುಗೊರೆಯೂ ಅವುಗಳಲ್ಲಿ ಸೇರಿತ್ತು.

ಅಲ್ಲಿಯವರೆಗೆ ನಡಿಗೆ ಮತ್ತು ದೋಣಿಯನ್ನೇ ನೆಚ್ಚಿದ್ದ ಸಮಾಜಕ್ಕೆ ಒಳನಾಡಿನ ದೂರವನ್ನು ಕುಗ್ಗಿಸಿದ ಈ ಪ್ರಾಣಿ ಕೆಲವೇ ದಶಕಗಳಲ್ಲಿ ಉಳುಮೆಗೆ, ಸರಕು ಸಾಗಣೆಗೆ, ಬಂಧುಗಳ ಅಂತ್ಯಕ್ರಿಯೆಗೆ ಮಾರಾಯಿ ಎಂಬ ಸಮುದಾಯದ ಅಂಗಳವನ್ನು ತಲುಪುವುದಕ್ಕೆ ಅನಿವಾರ್ಯವಾಯಿತು. 1860ರ ದಶಕದ ಕೊನೆಯಲ್ಲಿ ಬಂಡೆದ್ದ ಮಾವೋರಿ ನಾಯಕ ತೆ ಕೂತಿಯ ಪಡೆ ವಸಾಹತು ಸೈನ್ಯವನ್ನು ಕಾಡಿದಾಗಲೂ ಕುದುರೆ ಸವಾರರ ವೇಗ ಅದಕ್ಕೆ ನೆರವಾಗಿತ್ತು. ಪಂದ್ಯದ ಹುರುಪೂ ಕಡಿಮೆಯಿರಲಿಲ್ಲ. 1886ರಲ್ಲಿ ಆರಂಭವಾದ ಓತಾಕಿ ಮಾವೋರಿ ರೇಸಿಂಗ್ ಕ್ಲಬ್ ಇದಕ್ಕೆ ಸಾಕ್ಷಿ.

ಈ ಬಾಂಧವ್ಯ ಇಂದಿಗೂ ಹೆಚ್ಚು ಜೀವಂತವಾಗಿರುವುದು ತೆ ಉರೆವೆರಾ ಕಾಡಿನ ತೂಹೊಯಿ ಜನರಲ್ಲಿ ಮತ್ತು ಪೂರ್ವ ಕರಾವಳಿಯ ನಾತಿ ಪೊರೌ ಜನರಲ್ಲಿ ಎಂದು ನನಗೆ ತೋರುತ್ತದೆ. ರುವಾತಾಹುನದಂಥ ದುರ್ಗಮ ಕಣಿವೆಯಲ್ಲಿ ವಾಹನ ಹೋಗದ ಹಾದಿಗಳಿರುವುದರಿಂದ ಹಂದಿ ಬೇಟೆಗೂ ಸಾಮಾನು ಹೊರುವುದಕ್ಕೂ ಕುದುರೆಯೇ ಬೇಕಾಗುತ್ತದೆ. ಅಲ್ಲಿ ಮಕ್ಕಳು ಚಿಕ್ಕಂದಿನಲ್ಲೇ, ಎಷ್ಟೋ ಸಲ ಜೀನಿಲ್ಲದ ಬೆನ್ನಿನ ಮೇಲೆಯೇ, ಹಿರಿಯರನ್ನು ನೋಡಿ ಸವಾರಿ ಕಲಿಯುತ್ತಾರೆ. ಅದಕ್ಕೆ ಪ್ರತ್ಯೇಕ ತರಬೇತಿ ಶಾಲೆಯ ಅಗತ್ಯ ಬೀಳುವುದಿಲ್ಲ.