ಗಾಳಿಯಲ್ಲಿ ಹಾರಿಸಿದ ಗುಂಡು ಯಾರ ಹೊಲದಲ್ಲಿ ಬೀಳುತ್ತದೆ?

ಬಂದೂಕಿನ ಪರವಾನಗಿ ಮತ್ತು ಬಳಕೆಯ ಕುರಿತು ಹಾವೇರಿ, ಗದಗ ಹಾಗೂ ಧಾರವಾಡ ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಐದನ್ನು ಈ ಸಲ ಆಯ್ದುಕೊಂಡಿದ್ದೇವೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಹೋಗಿದೆ. ಉಳಿದ ಪತ್ರಗಳ ಬಹುಪಾಲು ಸಂದೇಹಗಳು ಅದರೊಳಗೇ ಇವೆ.

ಪ್ರಶ್ನೆ: ನಮ್ಮದು ರಾಣೆಬೆನ್ನೂರು ತಾಲ್ಲೂಕು. ಆರು ಎಕರೆ ಗೋವಿನಜೋಳವಿದ್ದು, ರಾತ್ರಿಯಾದರೆ ಕಾಡುಹಂದಿ ಮತ್ತು ಚಿಗರಿಗಳ ಕಾಟ. ಬೆಳೆ ರಕ್ಷಣೆಗೆಂದು ತಂದೆಯವರ ಹೆಸರಿನಲ್ಲಿ ಪಡೆದ ಹನ್ನೆರಡು ಬೋರಿನ ಒಂಟಿ ನಳಿಗೆ ಬಂದೂಕಿದೆ. ಅವರು ಯಾವ ಪ್ರಾಣಿಗೂ ಗುರಿ ಇಡುವುದಿಲ್ಲ, ಅಟ್ಟಣಿಗೆಯ ಮೇಲೆ ಕುಳಿತು ಗಾಳಿಯಲ್ಲಿ ಒಂದು ಈಡು ಹಾರಿಸುತ್ತಾರೆ, ಅಷ್ಟೆ. ಈಚೆಗೆ ಅರ್ಧ ಕಿಲೋಮೀಟರ್ ಆಚೆಯ ಹೊಲದವರು, ತಮ್ಮ ಶೆಡ್ಡಿನ ತಗಡಿನ ಮೇಲೆ ಬಿದ್ದಿತ್ತೆಂದು ಒಂದು ಸೀಸದ ಗುಂಡನ್ನು ತಂದು ತೋರಿಸಿದರು. ಅದು ಅಷ್ಟು ದೂರ ಹೋಗಲು ಸಾಧ್ಯವೇ? ಆಕಾಶಕ್ಕೆ ಹೊಡೆದದ್ದಕ್ಕೂ ನಾವು ಹೊಣೆಯೇ?

ಉತ್ತರ: ಎರಡಕ್ಕೂ ಹೌದೆಂದೇ ಹೇಳಬೇಕು; ಹೊಣೆಯ ಕಲಮುಗಳು ಮುಂದಿನ ಪತ್ರದ ಉತ್ತರದಲ್ಲಿವೆ. ಸಿಕ್ಕಿರುವ ಗುಂಡು ನಿಮ್ಮ ಬಂದೂಕಿನದೇ ಎಂದು ಪತ್ರ ಓದಿ ತೀರ್ಮಾನಿಸಲಾಗದು. ಆದರೆ ಅಷ್ಟು ದೂರವೇ ಎಂಬ ಕಾರಣಕ್ಕೆ ನೆರೆಯವರ ಮಾತನ್ನು ತಳ್ಳಿಹಾಕುವಂತಿಲ್ಲ. ಚರೆ, ಅಂದರೆ ತೋಟಾದೊಳಗೆ ತುಂಬಿದ ಸೀಸದ ಕಾಳು, ಹೆಚ್ಚೆಂದರೆ ಎಷ್ಟು ದೂರ ಹಾರಬಲ್ಲದು ಎಂಬುದಕ್ಕೆ ಫ್ರೆಂಚ್ ಸೇನಾಧಿಕಾರಿ ಜೂರ್ನೆ ಅವರ ಹೆಸರಿನಲ್ಲಿ ಒಂದು ಹಳೆಯ ಲೆಕ್ಕವಿದೆ: ಚರೆಯ ವ್ಯಾಸದ ಪ್ರತಿ ಮಿಲಿಮೀಟರಿಗೆ ಸುಮಾರು 80 ಮೀಟರ್. ನಾಲ್ಕನೇ ನಂಬರಿನ ಸಣ್ಣ ಚರೆ ಸುಮಾರು 3 ಮಿ.ಮೀ. ದಪ್ಪವಿರುವುದರಿಂದ 250 ಮೀಟರಿನ ಒಳಗೇ ಉದುರುತ್ತದೆ. ಹಂದಿಗೆಂದು ಅಂಗಡಿಯಲ್ಲಿ ಕೇಳಿ ಪಡೆಯುವ ಎಸ್.ಜಿ. ತೋಟಾದ ಚರೆ 8.4 ಮಿ.ಮೀ., ಎಲ್.ಜಿ. ತೋಟಾದ್ದು 9.1 ಮಿ.ಮೀ.; ಅವು 650ರಿಂದ 720 ಮೀಟರಿನವರೆಗೆ ಹೋಗಬಲ್ಲವು. ಒಂದೇ ದೊಡ್ಡ ಗುಂಡಿರುವ ತೋಟಾ ಒಂದು ಕಿಲೋಮೀಟರನ್ನೂ ದಾಟಬಹುದು. ರೈಫಲ್ಲಿನ ಗುಂಡಾದರೆ 3 ಕಿಲೋಮೀಟರಿಗೂ ಹೆಚ್ಚು, ಅಂದರೆ ನಿಮ್ಮ ಊರನ್ನು ದಾಟಿ ಮುಂದಿನ ಊರಿನ ಸೀಮೆ. ತಂದೆಯವರು ಬಳಸುವ ತೋಟಾದ ಮೇಲೆ ಯಾವ ಅಕ್ಷರ ಅಥವಾ ಅಂಕಿ ಅಚ್ಚಾಗಿದೆ ಎಂಬುದನ್ನು ಮೊದಲು ನೋಡಿ.

ಇನ್ನು "ಗಾಳಿಯಲ್ಲಿ" ಎಂಬ ಮಾತು. ಭುಜಕ್ಕೆ ಆನಿಸಿಕೊಂಡ ಬಂದೂಕನ್ನು ಯಾರೂ ನೆತ್ತಿಯ ನೇರಕ್ಕೆ ಎತ್ತುವುದಿಲ್ಲ. ಕುಳಿತವನ ಕೈಯಲ್ಲಿ ನಳಿಗೆ ಸಹಜವಾಗಿ ಓರೆಯಾಗಿಯೇ ಏಳುತ್ತದೆ. ಗಾಳಿಯ ತಡೆಯನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಗುಂಡು ಅತಿ ಹೆಚ್ಚು ದೂರ ಹೋಗುವುದು ಸುಮಾರು 30ರಿಂದ 35 ಡಿಗ್ರಿಯ ಓರೆಯಲ್ಲಿ ಹೊಡೆದಾಗ. ನಿರಪಾಯವೆಂದು ತಂದೆಯವರು ಆರಿಸಿಕೊಂಡಿರುವ ಓರೆ ಬಹುಮಟ್ಟಿಗೆ ಅದೇ ಇರಬೇಕು.

ನೆಟ್ಟಗೆ ಮೇಲಕ್ಕೇ ಹೊಡೆದರೂ ಗುಂಡು ಹೊಡೆದವನ ಕಾಲಬುಡಕ್ಕೇ ಬೀಳುತ್ತದೆಂಬ ಖಾತ್ರಿಯಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಅಮೆರಿಕದ ಸೇನಾಧಿಕಾರಿ ಜೂಲಿಯನ್ ಹ್ಯಾಚರ್ ಫ್ಲಾರಿಡಾದಲ್ಲಿ ನೀರಿನ ನಡುವೆ ಒಂದು ಸಣ್ಣ ವೇದಿಕೆ ಕಟ್ಟಿಸಿ, ಮಷಿನ್ ಗನ್ನನ್ನು ಆಕಾಶಕ್ಕೆ ನೆಟ್ಟಗೆ ನಿಲ್ಲಿಸಿ ಇದನ್ನು ಪರೀಕ್ಷಿಸಿದರು. ಅಳತೆ ಮಾಡಿ ನಿಲ್ಲಿಸಿದ ಗನ್ನಿನಿಂದ ಹಾರಿದ 500ಕ್ಕೂ ಹೆಚ್ಚು ಗುಂಡುಗಳಲ್ಲಿ ವೇದಿಕೆಗೆ ಮರಳಿ ಬಿದ್ದವು ಬೆರಳೆಣಿಕೆಯಷ್ಟು ಮಾತ್ರ. ಉಳಿದವನ್ನು ಮೇಲಿನ ಗಾಳಿ ಬೇರೆ ಕಡೆಗೆ ಒಯ್ದಿತ್ತು. ಬೀಳುವಾಗಿನ ವೇಗ ಸೆಕೆಂಡಿಗೆ ಸುಮಾರು 90 ಮೀಟರ್. ಚರ್ಮ ಸೀಳಲು ಸೆಕೆಂಡಿಗೆ ಸುಮಾರು 60 ಮೀಟರ್ ವೇಗ ಸಾಕಾಗುತ್ತದೆ. ಓರೆಯಾಗಿ ಹಾರಿದ ಗುಂಡು ಇನ್ನೂ ಕೆಟ್ಟದ್ದು, ಏಕೆಂದರೆ ಅದು ತನ್ನ ಮುಂದಿನ ಓಟವನ್ನು ಪೂರ್ತಿಯಾಗಿ ಕಳೆದುಕೊಳ್ಳದೆಯೇ ಇಳಿಯುತ್ತದೆ. ಚರೆ ಗುಂಡಿಗಿಂತ ಹಗುರವಾದ್ದರಿಂದ ಬೇಗ ಸೋಲುತ್ತದೆ, ನಿಜ. ಆದರೂ ಸಣ್ಣ ಚರೆಯೊಂದು ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು, ಎಸ್.ಜಿ. ಚರೆಯಂತೂ ಎಲ್ಲಿ ಬಿದ್ದರೂ ಸಲೀಸಾದ ವಿಷಯವಲ್ಲ. ಗೋವಿನಜೋಳ ತೆನೆಗಟ್ಟುವ ಕಾಲದಲ್ಲಿ ನಿಮ್ಮ ತಂದೆಯವರು ಎಚ್ಚರವಿರುವ ಹೊತ್ತಿಗೆ ಸುತ್ತಲಿನ ಹತ್ತಾರು ಹೊಲಗಳಲ್ಲಿಯೂ ಜನ ಕಾವಲಿಗೆ ಮಲಗಿರುತ್ತಾರೆ. ಹಗಲಿಗಿಂತ ಆ ಹೊತ್ತಿನಲ್ಲಿಯೇ ಬಯಲಿನಲ್ಲಿ ಹೆಚ್ಚು ಜನರಿದ್ದರೂ ಇರಬಹುದು.

ಹಾಗಾದರೆ ನೆಲಕ್ಕೆ ಹೊಡೆಯಲಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಅದರಲ್ಲಿ ಅರ್ಧ ಸತ್ಯವಿದೆ. ಹತ್ತಡಿ ಎತ್ತರದ ಅಟ್ಟಣಿಗೆಯ ಮೇಲೆ ಕುಳಿತವನ ಕಣ್ಣು ನೆಲದಿಂದ ಸುಮಾರು 4 ಮೀಟರ್ ಎತ್ತರದಲ್ಲಿರುತ್ತದೆ. ಅಲ್ಲಿಂದ 15 ಮೀಟರ್ ದೂರದ ಉತ್ತ ಮಣ್ಣಿಗೆ ಹೊಡೆದರೆ ಗುಂಡು ಸುಮಾರು 15 ಡಿಗ್ರಿಯ ಇಳಿಜಾರಿನಲ್ಲಿ ಮೆತ್ತನೆಯ ನೆಲಕ್ಕೆ ಹೊಕ್ಕು ಅಲ್ಲಿಯೇ ಉಳಿಯುವ ಸಂಭವ ಹೆಚ್ಚು. ಅದೇ ಅಟ್ಟಣಿಗೆಯಿಂದ 100 ಮೀಟರ್ ಆಚೆಗೆ ಹೊಡೆದರೆ ಇಳಿಜಾರು ಎರಡು ಡಿಗ್ರಿಯ ಆಸುಪಾಸಿಗೆ ಬರುತ್ತದೆ. ಬಿಸಿಲಿಗೆ ಒಣಗಿ ಗಟ್ಟಿಯಾದ ಎರೆ ನೆಲಕ್ಕೋ ಬದುವಿನ ಕಲ್ಲಿಗೋ ಅಷ್ಟು ಸವರಿಕೊಂಡು ತಾಗಿದ ಗುಂಡು ಪುಟಿದು, ಯಾರೂ ಊಹಿಸದ ದಿಕ್ಕಿಗೆ ಹೋಗುತ್ತದೆ. ಕೃಷಿಹೊಂಡದ ನೀರನ್ನೂ ನಂಬಬೇಡಿ. ಕಡಿಮೆ ಓರೆಯಲ್ಲಿ ಬಡಿದ ಗುಂಡು ಕೆರೆಯಲ್ಲಿ ಹುಡುಗರು ಬೀಸಿ ಎಸೆದ ಬೋಕಿಯಂತೆ ನೀರಿನ ಮೇಲಿಂದ ನೆಗೆದು ಮುಂದೆ ಸಾಗುತ್ತದೆ. ಹೊಂಡ ತೋಡಿದಾಗ ಪಕ್ಕದಲ್ಲಿ ರಾಶಿ ಹಾಕಿದ ಮಣ್ಣಿನ ದಿಬ್ಬ ಮಾತ್ರ ನಿಜವಾಗಿ ಉಪಯೋಗಕ್ಕೆ ಬರುವ ವಸ್ತು, ಅದೂ ಅದರಲ್ಲಿ ಕಲ್ಲು ಇಲ್ಲದಿದ್ದರೆ, ಮತ್ತು ಅದರ ಹಿಂದೆ ಯಾರೂ ಇಲ್ಲವೆಂದು ಹಗಲಿನಲ್ಲಿಯೇ ನಡೆದು ನೋಡಿ ಖಚಿತಪಡಿಸಿಕೊಂಡಿದ್ದರೆ. ಪೊಲೀಸರು ಗುಂಡು ಹಾರಿಸುವ ಅಭ್ಯಾಸ ಮಾಡುವ ಮೈದಾನಗಳಲ್ಲಿಯೂ ಗುರಿಹಲಗೆಯ ಹಿಂದೆ ಎತ್ತರದ ಮಣ್ಣಿನ ಗೋಡೆ ಇರುವುದು ಇದೇ ಕಾರಣಕ್ಕೆ.

ಇನ್ನೊಂದು ಅಭ್ಯಾಸವನ್ನು ಇಲ್ಲಿಯೇ ಹೇಳಬೇಕು. ನಳಿಗೆಗೆ ಬ್ಯಾಟರಿ ಕಟ್ಟಿಕೊಂಡು ಕಾವಲು ಕಾಯುವುದು ನಮ್ಮ ಕಡೆ ಉಂಟು. ಕತ್ತಲಲ್ಲಿ ಸಪ್ಪಳವಾದ ಕಡೆ ಏನಿದೆಯೆಂದು ನೋಡಬೇಕಾದರೆ ಆಗ ತುಂಬಿದ ಬಂದೂಕನ್ನೇ ಅತ್ತ ತಿರುಗಿಸಬೇಕಾಗುತ್ತದೆ, ಅಲ್ಲಿರುವುದು ಹಂದಿಯೋ, ನೀರು ಬಿಡಲು ಬಂದ ಪಕ್ಕದ ಹೊಲದವನೋ ಎಂದು ತಿಳಿಯುವ ಮೊದಲೇ. ಬ್ಯಾಟರಿ ಎಡಗೈಯಲ್ಲಿರಲಿ. ಕಂಡದ್ದು ಏನೆಂದು ಖಚಿತವಾಗುವವರೆಗೆ ಬೆರಳು ಟ್ರಿಗರಿನ ಹೊರಗಿರಲಿ. ಅಟ್ಟಣಿಗೆ ಹತ್ತುವಾಗ, ಇಳಿಯುವಾಗ ತೋಟಾವನ್ನು ಹೊರಗೆ ತೆಗೆದಿರಬೇಕು.

ಸಪ್ಪಳವೇ ಉದ್ದೇಶವಾದರೆ ಪಟಾಕಿ, ತಗಡು, ದೀಪಗಳು ಸಾಕು. ಖರ್ಚಿಗೆ ಒದಗುವುದಾದರೆ ಸೋಲಾರ್ ಬೇಲಿ ಒಳ್ಳೆಯದು. ಹಂದಿ ಕೆಲವು ದಿನಗಳಲ್ಲಿ ಪಟಾಕಿಗೆ ಒಗ್ಗಿಕೊಳ್ಳುತ್ತದೆ ಎಂಬ ದೂರು ಸರಿಯೇ, ಆದರೆ ಅದು ಬಂದೂಕಿನ ಸಪ್ಪಳಕ್ಕೂ ಒಗ್ಗಿಕೊಳ್ಳುತ್ತದೆ. ಜೊತೆಗೆ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ನಿಮ್ಮ ತಾಲ್ಲೂಕಿನಲ್ಲಿಯೇ ಇದೆ. ಅಭಯಾರಣ್ಯದ ಒಳಗೆ ಅಥವಾ ಅದರಿಂದ 10 ಕಿಲೋಮೀಟರ್ ಒಳಗೆ ವಾಸಿಸುವ ಬಂದೂಕು ಪರವಾನಗಿದಾರರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕೆಂದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಹೇಳುತ್ತದೆ. ತಂದೆಯವರ ಹೆಸರು ನೋಂದಣಿಯಾಗಿದೆಯೇ ಎಂದು ವಲಯ ಅರಣ್ಯ ಕಚೇರಿಯಲ್ಲಿ ವಿಚಾರಿಸಿ. ಬೆಳೆ ರಕ್ಷಣೆಯ ಪರವಾನಗಿ ಬೇಟೆಯ ಪರವಾನಗಿಯಲ್ಲ. ಕೃಷ್ಣಮೃಗ, ಅಂದರೆ ನೀವು ಹೇಳುವ ಚಿಗರಿ, ಆ ಕಾಯ್ದೆಯ ಮೊದಲ ಅನುಸೂಚಿಯ (ಅತಿ ಹೆಚ್ಚು ರಕ್ಷಣೆ ಇರುವ ಪಟ್ಟಿಯ) ಪ್ರಾಣಿಯಾದ್ದರಿಂದ ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಹೊಡೆಯಲು ಅವಕಾಶವಿಲ್ಲ. ಬೆಳೆಹಾನಿಗೆ ಅರಣ್ಯ ಇಲಾಖೆಯಲ್ಲಿ ಪರಿಹಾರದ ಅರ್ಜಿ ಹಾಕಬಹುದು.

ಪ್ರಶ್ನೆ: ಹಂದಿಯೆಂದು ತಿಳಿದು ಪೊದೆಗೆ ಹೊಡೆದ ಗುಂಡು ಅದರ ಹಿಂದೆ ಇದ್ದ ಮನುಷ್ಯನಿಗೆ ತಾಗಿದರೆ, ಅವನು ಅಲ್ಲಿರುವುದು ಗೊತ್ತೇ ಇರಲಿಲ್ಲವಾದ್ದರಿಂದ ಅದು ಅಪರಾಧವಾಗುವುದಿಲ್ಲ ಎಂದು ನಮ್ಮೂರ ಹಿರಿಯರೊಬ್ಬರು ವಾದಿಸುತ್ತಾರೆ. ಇದು ಸರಿಯೇ? (ಮುಂಡರಗಿ ತಾಲ್ಲೂಕಿನ ಓದುಗರು)

ಉತ್ತರ: ಆ ಹಿರಿಯರು ಕಾನೂನನ್ನು ಎಲ್ಲಿಯೋ ಕೇಳಿಯೇ ಹೇಳುತ್ತಿದ್ದಾರೆ, ಆದರೆ ಅರ್ಧಕ್ಕೆ ನಿಲ್ಲಿಸಿದ್ದಾರೆ. 1860ರ ದಂಡ ಸಂಹಿತೆಯಲ್ಲಿದ್ದು, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಗೂ ಬಂದಿರುವ ಮೂರು ದೃಷ್ಟಾಂತಗಳನ್ನು ಒಟ್ಟಿಗೆ ಓದಿದರೆ ಚಿತ್ರ ಪೂರ್ತಿಯಾಗುತ್ತದೆ. ಹೊಸ ಸಂಹಿತೆಯ 18ನೇ ಕಲಮಿನಲ್ಲಿ ಒಬ್ಬನು ಕೊಡಲಿಯಿಂದ ಕೆಲಸ ಮಾಡುತ್ತಿರುವಾಗ ಅದರ ತಲೆ ಕಳಚಿ ಹಾರಿ ಹತ್ತಿರ ನಿಂತವನು ಸಾಯುತ್ತಾನೆ. ಕೊಡಲಿ ಹಿಡಿದವನು ತಕ್ಕ ಎಚ್ಚರ ವಹಿಸಿದ್ದರೆ ಅದು ಅಪರಾಧವಲ್ಲ. 100ನೇ ಕಲಮಿನಲ್ಲಿ ಒಬ್ಬನು ಕದಿಯುವ ಉದ್ದೇಶದಿಂದ ಕೋಳಿಗೆ ಗುಂಡು ಹೊಡೆಯುತ್ತಾನೆ, ಪೊದೆಯ ಹಿಂದೆ ಇದ್ದವನು ಸಾಯುತ್ತಾನೆ. ಹೊಡೆದವನಿಗೆ ಕೊಲ್ಲುವ ಉದ್ದೇಶವಾಗಲಿ, ಸಾವು ಸಂಭವಿಸಬಹುದೆಂಬ ತಿಳಿವಳಿಕೆಯಾಗಲಿ ಇಲ್ಲದ್ದರಿಂದ ಅದು ದಂಡನೀಯ ನರಹತ್ಯೆಯಲ್ಲ. 101ನೇ ಕಲಮಿನಲ್ಲಿ ಒಬ್ಬನು ಯಾವ ಕಾರಣವೂ ಇಲ್ಲದೆ ಜನಜಂಗುಳಿಗೆ ತುಂಬಿದ ಫಿರಂಗಿ ಹಾರಿಸುತ್ತಾನೆ. ನಿರ್ದಿಷ್ಟವಾಗಿ ಯಾರನ್ನೂ ಕೊಲ್ಲುವ ಯೋಜನೆ ಇರದಿದ್ದರೂ ಅದು ಕೊಲೆಯೇ.

ನಿಮ್ಮೂರ ಹಿರಿಯರ ವಾದ ನಡುವಿನ ದೃಷ್ಟಾಂತದ ಮೇಲೆ ನಿಂತಿದೆ. ಆದರೆ ನರಹತ್ಯೆಯಲ್ಲ ಎಂದಮಾತ್ರಕ್ಕೆ ನಿರಪರಾಧಿ ಎಂದಾಗುವುದಿಲ್ಲ. ಪೊದೆಯಲ್ಲಿ ಏನಿದೆ, ಅದರ ಹಿಂದೆ ಯಾರಿದ್ದಾರೆ ಎಂದು ನೋಡದೆ ಹೊಡೆದದ್ದು ನಿರ್ಲಕ್ಷ್ಯವೆಂದು ನ್ಯಾಯಾಲಯ ಕಂಡರೆ 106ನೇ ಕಲಮಿನಂತೆ ಐದು ವರ್ಷಗಳವರೆಗೆ ಸಜೆ ಮತ್ತು ದಂಡ ಆಗಬಹುದು. ಹಳೆಯ ಕಾನೂನಿನಲ್ಲಿ ಇದು ಎರಡು ವರ್ಷವಿತ್ತು. ಆ ದಾರಿಯಲ್ಲಿ ಕುರಿ ಕಾಯುವವರು ರಾತ್ರಿ ತಂಗುತ್ತಾರೆ ಎಂಬುದು ಹೊಡೆದವನಿಗೆ ತಿಳಿದಿತ್ತೆಂದು ಸಾಬೀತಾದರೆ ಪ್ರಕರಣ ಇನ್ನೂ ಮೇಲಿನ ಕಲಮುಗಳಿಗೆ ಏರಬಹುದು. ಕಪ್ಪತಗುಡ್ಡದ ಬುಡದ ಊರುಗಳಲ್ಲಿ "ನನಗದು ತಿಳಿದಿರಲಿಲ್ಲ" ಎಂದು ಹೇಳುವುದು ಸುಲಭವಲ್ಲ. ಯಾರಿಗೂ ತಾಗದಿದ್ದರೂ, ಪ್ರಾಣಕ್ಕೆ ಅಪಾಯವಾಗುವಂತೆ ಹೊಡೆದದ್ದೇ 125ನೇ ಕಲಮಿನಂತೆ ಅಪರಾಧ. ಶಸ್ತ್ರಾಸ್ತ್ರ ಕಾಯ್ದೆ ಇದರ ಜೊತೆಗೆ ಬೇರೆಯೇ ಇದೆ, ಗಾಯಗೊಂಡವರು ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಕೇಳುವ ಹಕ್ಕೂ ಇದೆ.

ಪ್ರಶ್ನೆ: ನನ್ನ ಹೆಸರಿನಲ್ಲಿರುವ ಬಂದೂಕನ್ನು ರಾತ್ರಿ ಹೊಲ ಕಾಯುವ ಆಳಿನ ಕೈಗೆ ಕೊಟ್ಟು ಬರಬಹುದೇ? (ಹಾವೇರಿ)

ಉತ್ತರ: ಪರವಾನಗಿಯಲ್ಲಿ ಅವರ ಹೆಸರು ನಿಮ್ಮ ಪರವಾಗಿ ಬಂದೂಕು ಹಿಡಿಯುವವರೆಂದು ಸೇರಿರದಿದ್ದರೆ ಕೊಡುವಂತಿಲ್ಲ. ಕೊಟ್ಟರೆ ಪರವಾನಗಿ ಇಲ್ಲದೆ ಆಯುಧ ಇಟ್ಟುಕೊಂಡ ಪ್ರಕರಣ ಅವರ ಮೇಲೆ, ಒಪ್ಪಿಸಿದ ಪ್ರಕರಣ ನಿಮ್ಮ ಮೇಲೆ. ಕೂಲಿಗೆ ಬಂದ ಬಡವನನ್ನು ಇದರಲ್ಲಿ ಸಿಕ್ಕಿಸುವುದು ನ್ಯಾಯವೂ ಅಲ್ಲ. ಹೆಸರು ಸೇರಿಸಲು ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಅರ್ಜಿ ಕೊಡಬೇಕು. ಸುರಕ್ಷತಾ ತರಬೇತಿಯನ್ನು ಅವರಿಗೂ ಕೊಡಿಸಿ.

ಪ್ರಶ್ನೆ: ನಮ್ಮ ಮಾವನವರ ಬಳಿ ಪರವಾನಗಿ ಇರುವ ರಿವಾಲ್ವರ್ ಇದೆ. ಮಗಳ ಮದುವೆಯ ಮೆರವಣಿಗೆಯಲ್ಲಿ ಒಂದೆರಡು ಗುಂಡು ಮೇಲಕ್ಕೆ ಹಾರಿಸಬೇಕೆಂದು ಬೀಗರ ಕಡೆಯ ಹುಡುಗರು ಒತ್ತಾಯಿಸುತ್ತಿದ್ದಾರೆ. ಮಾವನವರಿಗೆ ಏನು ಹೇಳಲಿ? (ಹುಬ್ಬಳ್ಳಿ)

ಉತ್ತರ: ಕಲಮಿನ ನಂಬರನ್ನೇ ಹೇಳಿ. 2019ರ ತಿದ್ದುಪಡಿಯಿಂದ ಶಸ್ತ್ರಾಸ್ತ್ರ ಕಾಯ್ದೆಯ 25ನೇ ಕಲಮಿಗೆ 9ನೇ ಉಪಕಲಂ ಸೇರಿದೆ: ಮದುವೆ, ಧಾರ್ಮಿಕ ಸ್ಥಳ, ಸಾರ್ವಜನಿಕ ಸಭೆ ಅಥವಾ ಬೇರೆ ಸಮಾರಂಭದಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಪ್ರಾಣಕ್ಕೆ ಅಥವಾ ಸುರಕ್ಷತೆಗೆ ಅಪಾಯ ತಂದರೆ ಎರಡು ವರ್ಷಗಳವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಯಾರಾದರೂ ಗಾಯಗೊಂಡಿರಲೇಬೇಕೆಂಬ ಷರತ್ತು ಅದರಲ್ಲಿಲ್ಲ. ಪರವಾನಗಿಯೂ ರದ್ದಾಗಬಹುದು. ಮೆರವಣಿಗೆಯ ಬೀದಿಯ ಎರಡೂ ಬದಿಗೆ ಮಾಳಿಗೆಯ ಮೇಲೆ ಹೆಂಗಸರು ಮಕ್ಕಳು ನಿಂತು ನೋಡುತ್ತಿರುತ್ತಾರೆ; ಹುಡುಗರು "ಮೇಲಕ್ಕೆ" ಎನ್ನುವುದು ಅವರ ಕಡೆಗೇ. ಇಷ್ಟು ಹೇಳಿದ ಮೇಲೂ ಒತ್ತಾಯ ನಿಲ್ಲದಿದ್ದರೆ ರಿವಾಲ್ವರನ್ನು ಮೆರವಣಿಗೆಗೆ ತರುವುದೇ ಬೇಡ, ಮದುವೆ ಮುಗಿಯುವವರೆಗೆ ಅದು ಬೀಗ ಹಾಕಿದ ಕಪಾಟಿನಲ್ಲಿರಲಿ. ಬೀಗರಿಗೆ ಬೇಸರವಾದರೆ ಆಗಲಿ.

ಪ್ರಶ್ನೆ: ಬಂಕಾಪುರದ ಹತ್ತಿರ ನಮ್ಮ ತೋಟವಿದೆ. ನವಿಲು ಓಡಿಸಲು ಮಗನಿಗೆ ಏರ್‌ಗನ್ ಕೊಡಿಸಬೇಕೆಂದಿದ್ದೇನೆ. ಅದಕ್ಕೆ ಪರವಾನಗಿ ಬೇಡವಂತೆ, ನಿಜವೇ?

ಉತ್ತರ: 0.177 ಅಂಗುಲಕ್ಕಿಂತ ದೊಡ್ಡದಲ್ಲದ ನಳಿಗೆ, 20 ಜೌಲ್ ಮೀರದ ಶಕ್ತಿ ಇರುವ ಏರ್‌ಗನ್ನಿಗೆ ಪರವಾನಗಿ ಬೇಕಿಲ್ಲ. ಆದರೆ ಪರವಾನಗಿ ಬೇಡವೆಂದರೆ ಅದು ಆಟಿಕೆ ಎಂದು ಅರ್ಥವಲ್ಲ. ಅದರ ಸೀಸದ ಗುಂಡು ನೂರಾರು ಮೀಟರ್ ಹೋಗುತ್ತದೆ, ಹತ್ತಿರದಿಂದ ತಾಗಿದರೆ ಕಣ್ಣು ಕಳೆಯುತ್ತದೆ. ನವಿಲು ಕೃಷ್ಣಮೃಗದಂತೆಯೇ ಮೊದಲ ಅನುಸೂಚಿಯಲ್ಲಿದೆ, ಬಂಕಾಪುರದ ಕೋಟೆಯಂತೂ ನವಿಲುಗಳಿಗೆಂದೇ ಸಂರಕ್ಷಿತ ಪ್ರದೇಶ. ಹೆದರಿಸಲೆಂದು ಹೊಡೆದದ್ದು ತಾಗಿ ಹಕ್ಕಿ ಸತ್ತರೆ ಬೇಟೆಯ ಪ್ರಕರಣ ದಾಖಲಾಗುತ್ತದೆ. ಸಸಿಗಳ ಮೇಲೆ ಬಲೆ ಹೊದಿಸಿ. ಹುಡುಗನಿಗೆ ಗುರಿ ಹೊಡೆಯುವ ಆಸೆಯೇ ಇದ್ದರೆ, ಹತ್ತು ಮೀಟರಿನ ಏರ್ ರೈಫಲ್ ಕಲಿಸುವ ತರಬೇತಿ ಕೇಂದ್ರಕ್ಕೆ ಸೇರಿಸಿ. ಅಲ್ಲಿ ಗುಂಡು ಎಲ್ಲಿ ನಿಲ್ಲಬೇಕೆಂಬುದನ್ನು ಮೊದಲೇ ಕಟ್ಟಿಟ್ಟಿರುತ್ತಾರೆ.