ಬೆಲ್ಜಿಯಂ ಅಂದ್ರೆ ಅರ್ಧ ದಿನದ ಸ್ಟಾಪಾ? ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಮಸ್ಕಾರ ಸರ್, ನಾವು ಮೈಸೂರಿನವ್ರು. ಮುಂದಿನ ಏಪ್ರಿಲ್‌ನಲ್ಲಿ ನಾನು, ನಮ್ಮನೆಯವ್ರು, ಪಿಯುಸಿ ಮುಗಿಸಿರೋ ಮಗಳು, 68 ವರ್ಷದ ನಮ್ಮತ್ತೆ ನಾಲ್ಕೂ ಜನ ಯುರೋಪ್ ನೋಡೋಣ ಅಂತಿದೀವಿ. ಟೂರ್ ಪ್ಯಾಕೇಜಲ್ಲಿ 10 ದಿನಕ್ಕೆ 6 ದೇಶ ತೋರಿಸ್ತಾರಂತೆ, ಬೆಲ್ಜಿಯಂಗೆ ಅರ್ಧ ದಿನ. ಅತ್ತೆಗೆ ಅಷ್ಟೊತ್ತು ಬಸ್ಸಲ್ಲಿ ಕೂರಕ್ಕಾಗಲ್ಲ. ಬೆಲ್ಜಿಯಂ ಒಂದನ್ನೇ 9 ದಿನ ನೋಡಣ ಅಂತಾಳೆ ಮಗಳು. ಅಷ್ಟು ಚಿಕ್ಕ ದೇಶದಲ್ಲಿ ಬೋರಾಗಲ್ವಾ? ನಾವು ಪ್ಯೂರ್ ವೆಜ್, ಮೊಟ್ಟೆನೂ ತಿನ್ನಲ್ಲ.

ಉತ್ತರ: ಮಗಳ ಮಾತು ಕೇಳಿ. ಆ ಅರ್ಧ ದಿನದಲ್ಲಿ ಏನಾಗತ್ತೆ ಅಂತ ಹೇಳ್ತೀನಿ ನೋಡಿ, ಬ್ರಸೆಲ್ಸ್‌ನಲ್ಲಿ ಬಸ್ ನಿಲ್ಲತ್ತೆ, ಉಚ್ಚೆ ಹೊಯ್ತಿರೋ ಹುಡುಗನ ಬೊಂಬೆ ಮುಂದೆ ಫೋಟೋ, ಅದು ಎರಡಡಿ ಎತ್ತರ ಇರಬಹುದು ಅಷ್ಟೆ, ಎಲ್ರೂ 'ಇಷ್ಟೇನಾ' ಅಂತಾರೆ, ಆಮೇಲೆ ಚಾಕಲೇಟ್ ಅಂಗಡಿ, ಅಟೋಮಿಯಂ ಅನ್ನೋ ದೊಡ್ಡ ಲೋಹದ ಗುಂಡುಗಳ ಕಟ್ಟಡದ ಹತ್ರ ಇನ್ನೊಂದು ಫೋಟೋ, ಮತ್ತೆ ಬಸ್ ಹತ್ತಿ ಆಮ್ಸ್ಟರ್‌ಡ್ಯಾಂ. ನಾನು ಓದಕ್ಕೆ ಅಂತ ಹೋಗಿ ಹನ್ನೊಂದು ವರ್ಷ ಅಲ್ಲೇ ಇದ್ದವನು, ಹಾಗಾಗಿ ಈ ಅರ್ಧ ದಿನದ ವಿಚಾರ ಬಂದ್ರೆ ಸ್ವಲ್ಪ ಕೋಪ ಬರತ್ತೆ, ಬೇಜಾರು ಮಾಡ್ಕೋಬೇಡಿ.

ಚಿಕ್ಕದು ಅನ್ನೋದು ನಿಜ. ಸುಮಾರು 30,700 ಚದರ ಕಿಲೋಮೀಟರ್, ಅಂದ್ರೆ ಕರ್ನಾಟಕದ ಆರನೇ ಒಂದು ಭಾಗ, ಜನ 1.2 ಕೋಟಿ ಹತ್ರ. ಆದ್ರೆ ಅಷ್ಟರೊಳಗೆ ಮೂರು ಅಧಿಕೃತ ಭಾಷೆ ಇದೆ. ಉತ್ತರಕ್ಕೆ ಫ್ಲಾಂಡರ್ಸ್, ಅಲ್ಲಿ ಡಚ್. ದಕ್ಷಿಣಕ್ಕೆ ವಲೋನಿಯಾ, ಅಲ್ಲಿ ಫ್ರೆಂಚ್. ಪೂರ್ವದ ಮೂಲೆಲಿ ಓಯ್ಪೆನ್ ಸುತ್ತಮುತ್ತ ಜರ್ಮನ್, ಅದು ಮೊದಲನೇ ಮಹಾಯುದ್ಧ ಸೋತ ಜರ್ಮನಿಯಿಂದ 1920ರಲ್ಲಿ ಬಂದಿದ್ದು. ಬ್ರಸೆಲ್ಸ್ ಫ್ಲಾಂಡರ್ಸ್ ಒಳಗೆ ದ್ವೀಪದ ತರ ಇದೆ, ಅಲ್ಲಿ ಡಚ್ ಮತ್ತೆ ಫ್ರೆಂಚ್ ಎರಡೂ. ಈ ಭಾಷಾ ಗಡಿನ 1962-63ರಲ್ಲಿ ಕಾನೂನು ಮಾಡಿ ಗೆರೆ ಎಳೆದು ಗಟ್ಟಿ ಮಾಡಿದ್ರು. ಗಡಿ ಅಂದ್ರೆ ಜಗಳ ಇದ್ದೇ ಇರತ್ತೆ, ನಮ್ಮ ಬೆಳಗಾವಿ ಕಡೆಯವ್ರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ. ಫ್ಲಾಂಡರ್ಸ್ ಕಡೆ ಇರೋ ಲೂವೆನ್ ಯೂನಿವರ್ಸಿಟಿನೇ 1968ರ ಭಾಷಾ ಗಲಾಟೆಲಿ ಎರಡಾಯ್ತು, ಫ್ರೆಂಚ್ ವಿಭಾಗದವ್ರು ಗಡಿಯಾಚೆ ಹೋಗಿ ಹೊಸ ಊರನ್ನೇ ಕಟ್ಕೊಂಡ್ರು, ಲೈಬ್ರರಿ ಪುಸ್ತಕ ಹಂಚ್ಕೊಳ್ಳೋವಾಗ ಸರಿ ನಂಬರ್ ಒಬ್ರಿಗೆ ಬೆಸ ನಂಬರ್ ಇನ್ನೊಬ್ರಿಗೆ ಅಂತ ಮಾಡಿದ್ರು. ಅಣ್ಣತಮ್ಮಂದಿರು ಪಾತ್ರೆ ಹಂಚ್ಕೊಂಡಂಗೆ!

ಇದೆಲ್ಲ ಟೂರಿಸ್ಟ್‌ಗೆ ಯಾಕೆ ಅಂತೀರಾ, ಟ್ರೇನ್ ಹತ್ತಿದ ತಕ್ಷಣ ಗೊತ್ತಾಗತ್ತೆ. ಫ್ಲಾಂಡರ್ಸ್ ಸ್ಟೇಷನ್ನಲ್ಲಿ ಬೋರ್ಡ್ ಡಚ್‌ನಲ್ಲಿ ಮಾತ್ರ, ಊರಿನ ಹೆಸರೂ ಡಚ್‌ನಲ್ಲೇ. ನೀವು ಲಿಯೇಜ್ ಅಂತ ಬುಕ್ ಮಾಡಿರ್ತೀರ, ಬೋರ್ಡಲ್ಲಿ ಲೌಕ್ ಅಂತಿರತ್ತೆ. ಮೋನ್ಸ್ ಅಂದ್ರೆ ಬೆರ್ಗೆನ್. ನಾನು ಮೊದಲನೇ ತಿಂಗಳು ಗೆಂಟ್ ಸ್ಟೇಷನ್ನಲ್ಲಿ ಫ್ರಾನ್ಸಿನ ಲೀಲ್ ಊರಿನ ಟ್ರೇನಿಗೆ ಕಾಯ್ತಾ ನಿಂತಿದ್ದೆ, ರೈಸೆಲ್ ಅಂತ ಬೋರ್ಡ್ ಹಾಕ್ಕೊಂಡು ಬಂದ ಟ್ರೇನ್ ಕಣ್ಮುಂದೆನೇ ಹೋಯ್ತು, ರೈಸೆಲ್ಲೇ ಲೀಲು ಅಂತ ಆಮೇಲೆ ಪಕ್ಕದಲ್ಲಿದ್ದ ಅಜ್ಜಿ ಹೇಳಿದ್ರು. ಆದ್ರಿಂದ ಹೋಗೋ ಊರುಗಳ ಎರಡೂ ಹೆಸರನ್ನ ಮಗಳ ಹತ್ರ ಒಂದು ಚೀಟಿಲಿ ಬರೆಸಿಟ್ಕೊಳ್ಳಿ.

ಇನ್ನೊಂದು, ಫ್ಲಾಂಡರ್ಸ್‌ನಲ್ಲಿ ಯಾರೋ ಕಲಿಸಿದ್ರು ಅಂತ ಫ್ರೆಂಚ್‌ನಲ್ಲಿ ಶುರು ಮಾಡ್ಬೇಡಿ, ಇಂಗ್ಲಿಷೇ ವಾಸಿ, ಎಲ್ರಿಗೂ ಬರತ್ತೆ. ವಲೋನಿಯಾದಲ್ಲಿ ಇಂಗ್ಲಿಷ್ ಸ್ವಲ್ಪ ಕಮ್ಮಿ, ಅಂಗಡಿ ಒಳಗೆ ಕಾಲಿಟ್ಟ ಕೂಡ್ಲೆ 'ಬೋಂಜೂರ್' ಅನ್ನಿ, ಅದು ಅಂದ್ರೆ ಮುಂದಿನದೆಲ್ಲ ಸಲೀಸು, ಅನ್ನದೆ ನೇರವಾಗಿ ರೇಟ್ ಕೇಳಿದ್ರೆ ಮುಖ ಗಂಟಾಕ್ಕೊಳ್ತಾರೆ.

ನನ್ನ ಲೆಕ್ಕ ಹೀಗೆ: ಗೆಂಟ್‌ನಲ್ಲಿ 4 ರಾತ್ರಿ, ಲಿಯೇಜ್‌ನಲ್ಲಿ 3, ಕೊನೆಗೆ ಬ್ರಸೆಲ್ಸ್ 2. ಗಡಿಯ ಆ ಕಡೆ ಒಂದು ಮನೆ, ಈ ಕಡೆ ಒಂದು ಮನೆ ಇದ್ದಂಗೆ. ದಿನಾ ಪೆಟ್ಟಿಗೆ ಕಟ್ಟೋ ರಗಳೆ ಇಲ್ಲ, ಅತ್ತೆಗೆ ಸುಸ್ತಾದ ದಿನ ಅವ್ರು ರೂಮಲ್ಲಿರಬಹುದು, ನೀವು ಹತ್ರದ ಊರು ನೋಡಿ ಸಂಜೆಗೆ ವಾಪಸ್ ಬರಬಹುದು.

ಗೆಂಟ್ ಯಾಕೆ, ಎಲ್ರೂ ಹೇಳೋ ಬ್ರೂಜ್ ಯಾಕಲ್ಲ ಅಂದ್ರೆ, ಬ್ರೂಜ್ ಚೆಂದ ಇದೆ, ಆದ್ರೆ ಹಗಲಲ್ಲಿ ಟೂರಿಸ್ಟ್ ಬಸ್ಸಿನ ಜನ ತುಂಬಿ ಜಾತ್ರೆ ಆಗಿರತ್ತೆ. ಗೆಂಟ್‌ನಿಂದ ಟ್ರೇನಲ್ಲಿ ಅರ್ಧ ಗಂಟೆ, ಮಧ್ಯಾಹ್ನ ಮೂರಕ್ಕೆ ಹೊರಟು ಮೊದಲು ಕಾಲುವೆ ದೋಣಿ ಮುಗಿಸ್ಕೊಳ್ಳಿ (ಸಂಜೆ ದೋಣಿ ನಿಲ್ಲಿಸ್ಬಿಡ್ತಾರೆ), ಆಮೇಲೆ ಊರು ಖಾಲಿ ಆಗ್ತಾ ಬರತ್ತೆ, ಏಪ್ರಿಲ್ ಕೊನೆಲಿ ಎಂಟೂವರೆ ಆದ್ರೂ ಬೆಳಕಿರತ್ತೆ. ಗಂಟೆ ಗೋಪುರಕ್ಕೆ 366 ಮೆಟ್ಲು, ಮಗಳು ಹತ್ತಲಿ, ಅತ್ತೆ ಕೆಳಗೆ ಕಾಫಿ ಕುಡೀಲಿ. ಗೆಂಟ್ ಮಾತ್ರ ಸ್ಟೂಡೆಂಟ್ಸ್ ಇರೋ ಜೀವಂತ ಊರು. ಅಲ್ಲಿ ಸೇಂಟ್ ಬಾವೋ ಚರ್ಚಲ್ಲಿ ವಾನ್ ಐಕ್ ಸಹೋದರರು 1432ರಲ್ಲಿ ಮುಗಿಸಿದ ದೊಡ್ಡ ಚಿತ್ರ ಇದೆ, ಹಲಗೆ ಹಲಗೆ ಸೇರಿಸಿ ಮಾಡಿರೋದು, ಅದ್ರಲ್ಲಿ ಒಂದು ಹಲಗೆನ 1934ರಲ್ಲಿ ಕದ್ದವ್ರು ಇವತ್ತಿಗೂ ಕೊಟ್ಟಿಲ್ಲ, ಈಗ ಆ ಜಾಗದಲ್ಲಿರೋದು ನಕಲು. ಅಲ್ಲಿಂದ ಒಂದು ಗಂಟೆ ದೂರದಲ್ಲಿ ಆಂಟ್ವರ್ಪ್.

ಲಿಯೇಜ್‌ಗೆ ಹೋಗೋ ದಿನಕ್ಕೆ ಬೇರೆ ಪ್ರೋಗ್ರಾಂ ಇಟ್ಕೋಬೇಡಿ, ಆ ಪ್ರಯಾಣವೇ ಪ್ರೋಗ್ರಾಂ. ಸಮುದ್ರದ ಪಕ್ಕದ ಓಸ್ಟೆಂಡ್‌ನಿಂದ ಹೊರಟು ಬ್ರೂಜ್, ಗೆಂಟ್, ಬ್ರಸೆಲ್ಸ್, ಲೂವೆನ್, ಲಿಯೇಜ್ ದಾಟಿ ಓಯ್ಪೆನ್‌ವರೆಗೂ ಹೋಗೋ ಒಂದೇ ಟ್ರೇನ್ ಇದೆ, ಪೂರ್ತಿ ಮೂರು ಗಂಟೆ ಚಿಲ್ಲರೆ. ಸುಮ್ನೆ ಕೂತು ಅನೌನ್ಸ್‌ಮೆಂಟ್ ಕೇಳಿಸ್ಕೊಳ್ಳಿ. ಗೆಂಟ್‌ನಲ್ಲಿ ಬರೀ ಡಚ್, ಬ್ರಸೆಲ್ಸ್ ಬಂತು ಅಂದ್ರೆ ಎರಡೂ, ದಾಟಿದ ಮೇಲೆ ಮತ್ತೆ ಡಚ್, ಲೂವೆನ್ ಆಚೆ ಗಡಿ ದಾಟ್ತಿದ್ದಂಗೆ ಅದೇ ಟ್ರೇನ್ ಫ್ರೆಂಚ್ ಮಾತಾಡತ್ತೆ. ಕಿಟಕಿ ಆಚೆ ಗೆರೆನೂ ಇಲ್ಲ ಬೇಲಿನೂ ಇಲ್ಲ, ಅದೇ ಹೊಲ ಅದೇ ಹಸು.

ಲಿಯೇಜ್ ಮೊದಲ ನೋಟಕ್ಕೆ ಹಿಡಿಸಲ್ಲ, ಕಲ್ಲಿದ್ದಲು ಉಕ್ಕಿನ ಊರಾಗಿತ್ತು, ಈಗ ಅದೆಲ್ಲ ಮುಚ್ಚಿ ಸ್ವಲ್ಪ ಮಂಕು. ನನಗೆ ಆದ್ರೂ ಇಷ್ಟ. ಯುದ್ಧ ಮುಗಿದ ಮೇಲೆ ಗಣಿ ಕೆಲಸಕ್ಕೆ ಜನ ಸಾಲದೆ 1946ರಲ್ಲಿ ಇಟಲಿ ಜೊತೆ ಒಪ್ಪಂದ ಮಾಡ್ಕೊಂಡು ಇಟಾಲಿಯನ್ನರನ್ನ ಕರೆಸ್ಕೊಂಡ್ರು, ಅವ್ರ ಮೊಮ್ಮಕ್ಕಳು ಇವತ್ತು ಆ ಊರಿನ ತುಂಬಾ ಇದಾರೆ, ಹಾಗಾಗಿ ನಿಮಗೆ ಪಾಸ್ತಾಗೆ ಕೊರತೆ ಇಲ್ಲ. ಭಾನುವಾರ ಬೆಳಿಗ್ಗೆ ಮ್ಯೂಸ್ ನದಿ ದಂಡೆ ಉದ್ದಕ್ಕೂ ಲಾ ಬಾತ್ ಅನ್ನೋ ಸಂತೆ ನಡೆಯತ್ತೆ, ತಪ್ಪಿಸ್ಬೇಡಿ. ಇನ್ನೊಂದು ದಿನ ಓಯ್ಪೆನ್‌ಗೆ ಹೋಗಿ, ಬೇಕರಿಲಿ 'ಗುಟನ್ ಟಾಗ್' ಅಂತಾರೆ, ದೇಶ ಅದೇ. ಅಲ್ಲಿಂದ ಬಸ್ಸಲ್ಲಿ ಹೈ ಫೆನ್ಸ್ ಅನ್ನೋ ಜೌಗು ಬಯಲಿಗೆ ಹೋಗಬಹುದು, ಹಲಗೆ ದಾರಿ ಮೇಲೆ ನಡೆಯೋದು. ಕೆಂಪು ಬಾವುಟ ಹಾಕಿದ್ರೆ ಬೆಂಕಿ ಭಯಕ್ಕೆ ಮುಚ್ಚಿದಾರೆ ಅಂತ, ವಸಂತದಲ್ಲಿ ಹುಲ್ಲು ಒಣಗಿರತ್ತೆ. ಅಲ್ಲಿರೋ ಬೊಟ್ರಾಂಜ್ ಇಡೀ ಬೆಲ್ಜಿಯಂನಲ್ಲೇ ಎತ್ತರದ ಜಾಗ, 694 ಮೀಟರ್. 700 ಮುಟ್ಟಲಿ ಅಂತ ಮೇಲೆ 6 ಮೀಟರ್ ದಿಬ್ಬ ಕಟ್ಟಿ ಮೆಟ್ಲು ಇಟ್ಟಿದಾರೆ! ನಿಮ್ಮ ಮೈಸೂರೇ ಅದಕ್ಕಿಂತ ಎತ್ತರದಲ್ಲಿದೆ, ಅತ್ತೆಗೆ ಹೇಳಿ ನಗ್ತಾರೆ.

ಈಗ ಊಟ, ನಿಮ್ಮ ನಿಜವಾದ ಚಿಂತೆ ಇದೇ ಅಂತ ಗೊತ್ತು. ಫ್ರೈಸ್ ಅಂದ್ರೆ ಆಲೂಗಡ್ಡೆ ತಾನೆ ಅಂತ ಕಣ್ಮುಚ್ಕೊಂಡು ತಿನ್ಬೇಡಿ, ಹಳೇ ಪದ್ಧತಿಲಿ ಕರಿಯೋದು ದನದ ಕೊಬ್ಬಲ್ಲಿ, ಇವತ್ತಿಗೂ ಎಷ್ಟೋ ಅಂಗಡಿಲಿ ಹಾಗೇ, ಅದೇ ಅವ್ರಿಗೆ ಹೆಮ್ಮೆ. ಡಚ್‌ನಲ್ಲಿ ಒಸ್ಸೆವಿಟ್ ಅಂತಾರೆ. ವೆಜಿಟಬಲ್ ಆಯಿಲಾ ಅಂತ ಪ್ರತಿ ಅಂಗಡಿಲೂ ಕೇಳಿ. ಮೇಲೆ ಹಾಕೋ ಮಯೋನೀಸ್‌ನಲ್ಲಿ ಮೊಟ್ಟೆ. ವಾಫಲ್‌ನಲ್ಲೂ ಮೊಟ್ಟೆ, ಬ್ರಸೆಲ್ಸ್‌ದು ಹಗುರ, ಲಿಯೇಜ್‌ದು ಸಕ್ಕರೆ ಹರಳು ಸೇರಿಸಿದ ದಪ್ಪದ್ದು, ಎರಡೂ ನಿಮಗಲ್ಲ, ಬೇಜಾರೇ. ಪ್ಯಾಕೆಟ್ ತಿಂಡಿಗೆ ಒಂದು ಉಪಾಯ ಇದೆ: ಯುರೋಪಲ್ಲಿ ಅಲರ್ಜಿ ಮಾಡೋ 14 ಪದಾರ್ಥನ ಲೇಬಲ್ ಮೇಲೆ ಎದ್ದು ಕಾಣೋ ಹಾಗೆ ಹಾಕ್ಲೇಬೇಕು, ಮೊಟ್ಟೆ ಅದ್ರಲ್ಲಿ ಒಂದು, ಡಚ್ ಜರ್ಮನ್ ಎರಡರಲ್ಲೂ ಆ ಪದ ಶುರುವಾಗೋದು ಇಂಗ್ಲಿಷಿನ ಇ, ಐ ಅಕ್ಷರದಿಂದ. ಗೆಂಟ್‌ನಲ್ಲಿ 2009ರಿಂದ ಗುರುವಾರ ಸಸ್ಯಾಹಾರದ ದಿನ ಅಂತ ಮಾಡಿದಾರೆ, ಮಿಕ್ಕ ದಿನಾನೂ ವೆಜ್ ಹೋಟ್ಲು ಬೇಕಾದಷ್ಟಿದೆ. ಆಂಟ್ವರ್ಪ್ ಅಂತೂ ನಿಮಗೆ ತವರು ಮನೆ. ಸ್ಟೇಷನ್ ಪಕ್ಕದಲ್ಲೇ ವಜ್ರದ ಬೀದಿಗಳು, ಅಲ್ಲಿ ಕರಿ ಟೋಪಿ ಹಾಕಿದ ಯಹೂದಿಗಳ ಜೊತೆ ವ್ಯಾಪಾರ ಮಾಡೋರು ಗುಜರಾತಿನ ಪಾಲನ್‌ಪುರದಿಂದ ಬಂದ ಜೈನರು, ಊರಾಚೆ ವಿಲ್ರೈಕ್‌ನಲ್ಲಿ ಅವ್ರದ್ದು ಅಮೃತಶಿಲೆಯ ಬಸದಿ ಇದೆ. ಮೊಟ್ಟೆ ಬಿಡಿ, ಈರುಳ್ಳಿ ಬೆಳ್ಳುಳ್ಳಿನೂ ಇಲ್ಲದ ಊಟ ಸಿಗತ್ತೆ. ಶನಿವಾರ ಮಾತ್ರ ಹೋಗ್ಬೇಡಿ, ಸಬ್ಬತ್ ಅಂತ ಯಹೂದಿ ಅಂಗಡಿಗಳು ಮುಚ್ಚಿರ್ತಾವೆ, ಆ ಬೀದಿಗಳೇ ಬಿಕೋ ಅಂತಿರತ್ತೆ.

ಕಲ್ಲು ಹಾಸಿನ ರಸ್ತೆ ಜಾಸ್ತಿ, ಅತ್ತೆಗೆ ಒಳ್ಳೆ ಶೂ ಕೊಡ್ಸಿ, ಚಪ್ಪಲಿ ಬೇಡ. ಕೊಡೆಗಿಂತ ಟೋಪಿ ಇರೋ ಜರ್ಕಿನ್ ವಾಸಿ, ಗಾಳಿಗೆ ಕೊಡೆ ಉಲ್ಟಾ ಆಗತ್ತೆ.

ಪ್ರಶ್ನೆ: ಪ್ಯಾರಿಸ್ 3 ರಾತ್ರಿ, ಬೆಲ್ಜಿಯಂ 4, ಹಾಲೆಂಡ್ 2 ಅಂತ ಪ್ಲಾನ್ ಇದೆ. ಇಳಿಯೋದು ಪ್ಯಾರಿಸ್‌ನಲ್ಲಿ. ವೀಸಾ ಫ್ರಾನ್ಸ್‌ಗೆ ಹಾಕ್ಬೇಕಾ? (ಹುಬ್ಬಳ್ಳಿ)

ಉತ್ತರ: ಇಲ್ಲ, ಬೆಲ್ಜಿಯಂಗೆ. ಜಾಸ್ತಿ ದಿನ ಎಲ್ಲಿರ್ತೀರೋ ಆ ದೇಶಕ್ಕೆ ಹಾಕ್ಬೇಕು, ದಿನ ಸಮ ಆದಾಗ ಮಾತ್ರ ಮೊದಲು ಇಳಿಯೋ ದೇಶದ ಲೆಕ್ಕ. ಶೆಂಗನ್ ವೀಸಾ (ಈ ಮೂರೂ ದೇಶಕ್ಕೆ ನಡೆಯೋ ಒಂದೇ ವೀಸಾ) ಫೀಸು ದೊಡ್ಡೋರಿಗೆ 90 ಯೂರೋ, ವೀಸಾ ಸೆಂಟರ್‌ನವ್ರ ಸರ್ವೀಸ್ ಚಾರ್ಜ್ ಬೇರೆ. ಇನ್ಶೂರೆನ್ಸ್ ಕಮ್ಮಿ ಅಂದ್ರೆ 30,000 ಯೂರೋದ್ದಿರಬೇಕು. ಆರು ತಿಂಗಳು ಮುಂಚೆಯಿಂದ ಹಾಕಬಹುದು, ಏಪ್ರಿಲ್ ಮೇ ರಶ್ಶಲ್ಲಿ ಅಪಾಯಿಂಟ್‌ಮೆಂಟ್ ಸಿಗೋದೇ ಕಷ್ಟ, ಆದಷ್ಟು ಬೇಗ ಹಾಕಿ. ವೀಸಾ ಬೇಗ ಸಿಗತ್ತೆ ಅಂತ ಬೇರೆ ದೇಶದ ಸುಳ್ಳು ಹೋಟೆಲ್ ಬುಕಿಂಗ್ ತೋರ್ಸೋ ಏಜೆಂಟ್ ಮಾತು ಕೇಳ್ಬೇಡಿ, ಇಮಿಗ್ರೇಷನ್‌ನಲ್ಲಿ ಕೇಳಿದ್ರೆ ಉತ್ತರ ಕೊಡ್ಬೇಕಾದವ್ರು ನೀವು, ಅವ್ನಲ್ಲ.

ಪ್ರಶ್ನೆ: ನಾನು ಮಂಗಳೂರಲ್ಲಿ ಸ್ಯಾಕ್ಸೋಫೋನ್ ಕಲೀತಿದ್ದೇನೆ. ಕೆಲಸದ ಮೇಲೆ ಬ್ರಸೆಲ್ಸ್‌ಗೆ ಹೋಗ್ಲಿಕ್ಕುಂಟು, ಒಂದು ದಿನ ಬಿಡುವು. ಡಿನಾಂ ನೋಡ್ಬಹುದಾ?

ಉತ್ತರ: ಕದ್ರಿ ಗೋಪಾಲನಾಥರ ಊರಿನವ್ರು ಡಿನಾಂ ಬಿಟ್ಟು ಬೇರೆಲ್ಲಿಗೆ ಹೋಗ್ತೀರಿ! ಸ್ಯಾಕ್ಸೋಫೋನ್ ಕಂಡುಹಿಡಿದ ಅಡಾಲ್ಫ್ ಸ್ಯಾಕ್ಸ್ 1814ರಲ್ಲಿ ಹುಟ್ಟಿದ್ದು ಅಲ್ಲೇ. ಚಿಕ್ಕೋನಿದ್ದಾಗ ಮಹಡಿಯಿಂದ ಬಿದ್ದು, ಸೂಜಿ ನುಂಗಿ ಹೇಗೋ ಬದುಕ್ಕೊಂಡವನು, ಆಮೇಲೆ ಪ್ಯಾರಿಸ್‌ಗೆ ಹೋಗಿ 1846ರಲ್ಲಿ ಈ ವಾದ್ಯಕ್ಕೆ ಪೇಟೆಂಟ್ ತಗೊಂಡ, ಕೋರ್ಟು ಕೇಸಲ್ಲೇ ಹಣ್ಣಾಗಿ ಕೈಲಿ ಕಾಸಿಲ್ಲದೆ ಸತ್ತ. ಮೈಸೂರು ಅರಮನೆ ಬ್ಯಾಂಡಲ್ಲಿ ಅದೇ ವಾದ್ಯ ಕೇಳಿ ಮರುಳಾಗಿ ಕದ್ರಿಯವ್ರು ಅದ್ರಲ್ಲಿ ಗಮಕ ನುಡಿಸೋ ದಾರಿ ಹುಡುಕಿದ್ದು ನಿಮಗೆ ನಾನು ಹೇಳ್ಬೇಕಾ. ಬ್ರಸೆಲ್ಸ್‌ನಿಂದ ನಾಮೂರ್ ಮೇಲೆ ಟ್ರೇನಲ್ಲಿ ಒಂದೂಮುಕ್ಕಾಲು ಗಂಟೆ. ಸೇತುವೆ ಮೇಲೆ ಬಣ್ಣಬಣ್ಣದ ದೊಡ್ಡ ಸ್ಯಾಕ್ಸೋಫೋನ್‌ಗಳನ್ನ ಸಾಲಾಗಿ ನಿಲ್ಲಿಸಿದಾರೆ. ಹಿಂದೆ ಬಂಡೆ, ಬಂಡೆ ಮೇಲೆ ಕೋಟೆ, ಕೇಬಲ್ ಕಾರ್ ಇದೆ, ಮೆಟ್ಲಾದ್ರೆ 408. ಅದೇ ಊರಲ್ಲಿ 1914ರ ಆಗಸ್ಟಲ್ಲಿ ಜರ್ಮನ್ ಸೈನ್ಯ 674 ಜನ ಸಾಮಾನ್ಯರನ್ನ ಕೊಂದಿತ್ತು, ಅದರ ನೆನಪಿನ ಕಲ್ಲುಗಳೂ ಕಣ್ಣಿಗೆ ಬೀಳ್ತವೆ. ಕೂಕ್ ಅನ್ನೋ ಬಿಸ್ಕತ್ತು ಸಿಗತ್ತೆ, ಬರೀ ಗೋಧಿ ಹಿಟ್ಟು ಜೇನುತುಪ್ಪ, ಕಲ್ಲಿನಷ್ಟು ಗಟ್ಟಿ. ಕಚ್ಬೇಡಿ, ಮುರ್ಕೊಂಡು ಬಾಯಲ್ಲಿಟ್ಟು ನೆನೆಸ್ಬೇಕು.

ಪ್ರಶ್ನೆ: ಜರ್ಮನಿಯ ಆಖೆನ್‌ನಲ್ಲಿ ಎಂಎಸ್ ಮಾಡ್ತಿದೀನಿ ಅಣ್ಣಾ. ಒಂದು ಭಾನುವಾರ ಬ್ರಸೆಲ್ಸ್, ಬಜೆಟ್ ಕಮ್ಮಿ, ಎಲ್ರೂ ನೋಡೋದು ಬೇಡ.

ಉತ್ತರ: ಬೆಳಿಗ್ಗೆ ಮಿದಿ ಸ್ಟೇಷನ್ ಸುತ್ತ ಸಂತೆ ಇರತ್ತಪ್ಪಾ, ಪುದೀನ ಆಲಿವ್ ಖರ್ಜೂರದ ರಾಶಿ, ಮೊರೊಕ್ಕೊದವ್ರು ಕಾವಲಿ ಮೇಲೆ ಪದರ ಪದರ ರೊಟ್ಟಿ ಮಾಡಿ ಜೇನು ಸವರಿ ಕೊಡ್ತಾರೆ, ನಮ್ಮ ಪರೋಟ ಅಂದ್ಕೋ. 1964ರಲ್ಲಿ ಮೊರೊಕ್ಕೊ, ಟರ್ಕಿ ಜೊತೆ ಕೂಲಿ ಒಪ್ಪಂದ ಆಗಿ ಬಂದವ್ರ ಮಕ್ಕಳು ಮೊಮ್ಮಕ್ಕಳೇ ಅಲ್ಲಿ ಹೆಚ್ಚು. ಜೇಬು ಹುಷಾರು, ಆ ಸ್ಟೇಷನ್ ಹತ್ರ ಕಳ್ಳರು ಜಾಸ್ತಿ. ಆಮೇಲೆ 44ನೇ ನಂಬರ್ ಟ್ರ್ಯಾಮಲ್ಲಿ ಕಾಡಿನ ಮಧ್ಯ ಟೆರ್ವ್ಯೂರೆನ್‌ಗೆ ಹೋಗು, ಆಫ್ರಿಕಾ ಮ್ಯೂಸಿಯಂ. ರಾಜ 2ನೇ ಲಿಯೊಪೋಲ್ಡ್ 1885ರಿಂದ 1908ರವರೆಗೆ ಕಾಂಗೋ ದೇಶನ ಸ್ವಂತ ಆಸ್ತಿ ತರ ಇಟ್ಕೊಂಡು ರಬ್ಬರಿಗೋಸ್ಕರ ಜನರನ್ನ ಹಿಂಡಿದ್ದ, ಆ ದುಡ್ಡಿನ ವೈಭವನೂ ಆ ಪಾಪದ ಲೆಕ್ಕನೂ ಒಂದೇ ಕಟ್ಟಡದಲ್ಲಿದೆ, 2018ರಲ್ಲಿ ಹೊಸದಾಗಿ ಜೋಡ್ಸಿದ್ರು. ಇನ್ನೂ ಪೂರ್ತಿ ಒಪ್ಕೊಂಡಿಲ್ಲ ಅಂತ ನನಗನ್ಸತ್ತೆ, ನೀನೇ ನೋಡು. ಸಂಜೆ ಮಾತೊಂಗೆ ಅನ್ನೋ ಕಾಂಗೋದವ್ರ ಬೀದಿಗೆ ಬಾ, ಕಿನ್ಶಾಸಾದ ಬಡಾವಣೆ ಹೆಸರನ್ನೇ ಇಟ್ಟಿದಾರೆ, ಕರಿದ ಬಾಳೆಕಾಯಿ ಸಿಗತ್ತೆ. ಬರೋವಾಗ ಓಯ್ಪೆನ್ ಮೇಲೆ ಬಂದ್ರೆ ಅಲ್ಲಿಂದ ಆಖೆನ್‌ಗೆ ಬಸ್ಸಿದೆ, ಕೊನೆ ಬಸ್ ಟೈಮ್ ಮೊದಲೇ ನೋಡ್ಕೋ.

ಪ್ರಶ್ನೆ: ಬ್ರಸೆಲ್ಸ್‌ಗೆ ತುಂಬಾ ಚೀಪಾಗಿ ಫ್ಲೈಟ್ ಸಿಕ್ತಿದೆ, ತಗೊಳ್ಳಾ? (ರೋಮ್‌ನಿಂದ)

ಉತ್ತರ: ಟಿಕೆಟ್ ಮೇಲೆ ಶಾರ್ಲರ್ವಾ ಅಂತಿದ್ಯಾ ನೋಡಿ. 'ಬ್ರಸೆಲ್ಸ್ ಸೌತ್' ಅಂತ ಹೆಸರಿಟ್ಕೊಂಡಿರೋದು, ಇರೋದು ಬ್ರಸೆಲ್ಸ್‌ನಿಂದ ಸುಮಾರು 50 ಕಿಲೋಮೀಟರ್ ಆಚೆ, ಏರ್‌ಪೋರ್ಟ್ ಒಳಗೆ ಟ್ರೇನ್ ಸ್ಟೇಷನ್ನೂ ಇಲ್ಲ, ಬಸ್ಸೇ ಗತಿ. ಬ್ರಸೆಲ್ಸ್‌ನ ಮೇನ್ ಏರ್‌ಪೋರ್ಟ್ ಝಾವೆಂಟೆಮ್‌ದಾದ್ರೆ ಕೆಳಗಡೆನೇ ಟ್ರೇನು. ಬಸ್ ದುಡ್ಡು, ಒಂದು ಗಂಟೆ ದಾರಿ ಎರಡೂ ಸೇರಿಸಿ ಲೆಕ್ಕ ಹಾಕಿ, ಆಮೇಲೂ ಉಳಿಯತ್ತೆ ಅಂದ್ರೆ ತಗೊಳ್ಳಿ.